ಮೇಲುಕೋಟೆ: ದರ್ಶನ ಮುಗಿದ ಕೂಡಲೇ ಕಾರು ಹತ್ತಬೇಡಿ

ಮೇಲುಕೋಟೆಗೆ ಹೋಗಿಲ್ಲ ಅನ್ನುವವರು ಮೈಸೂರು, ಮಂಡ್ಯ ಕಡೆ ಸಿಗುವುದೇ ಕಷ್ಟ. ಆದರೆ ಹೋಗಿ ಏನು ನೋಡಿದಿರಿ ಅಂತ ಕೇಳಿದರೆ ಎಲ್ಲರ ಉತ್ತರವೂ ಒಂದೇ. ಚೆಲುವನಾರಾಯಣನ ಗುಡಿ, ಕಲ್ಯಾಣಿ ಮುಂದೆ ಒಂದಷ್ಟು ಫೋಟೋ, ಬೆಟ್ಟದ ಮೇಲೆ ಯೋಗಾನರಸಿಂಹ, ಆಮೇಲೆ ಪುಳಿಯೋಗರೆ ಕಟ್ಟಿಸಿಕೊಂಡು ವಾಪಸ್. ನನ್ನ ಪ್ರಕಾರ ಊರಿನ ಅರ್ಧ ಅಲ್ಲೇ ಬಿಟ್ಟು ಬಂದ ಲೆಕ್ಕ. ಹಾಗಾಗಿ ದೇವಸ್ಥಾನಗಳ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ. ಊರ ಹಿಂದೆ ಬಂಡೆಗಳ ನಡುವೆ, ಕುರುಚಲು ಕಾಡಿನ ಅಂಚಿನಲ್ಲಿ ಹೋಗುವ ಕಾಲುದಾರಿಗಳು ಹೇಗಿವೆ, ಯಾರಿಗೆ ಆಗುತ್ತವೆ, ಎಲ್ಲಿ ಬೇಜಾರು ಮಾಡುತ್ತವೆ ಅನ್ನುವುದಷ್ಟೇ ವಿಷಯ.

ನಮ್ಮ ಕಡೆ ಟ್ರೆಕ್ಕಿಂಗ್ ಅಂದರೆ ಎಲ್ಲರ ಬಾಯಲ್ಲೂ ಕುಂತಿಬೆಟ್ಟ. ಪಾಂಡವಪುರದ ಪಕ್ಕದಲ್ಲೇ ಇದೆ, ಬಂಡೆ ಹತ್ತುವ ಮಜಾ ಇದೆ, ಮೇಲಿಂದ ಗದ್ದೆ, ಕೆರೆ, ತೆಂಗಿನ ತೋಟ ಎಲ್ಲ ಕಾಣುತ್ತವೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ವಾರಾಂತ್ಯದ ನೈಟ್ ಟ್ರೆಕ್ ಪ್ಯಾಕೇಜ್‌ಗಳು ಶುರುವಾದ ಮೇಲೆ ಅದು ಬೆಟ್ಟವೋ ಸಂತೆಯೋ ಗೊತ್ತಾಗುವುದಿಲ್ಲ. ಹೆಸರು ಬೇಡ, ಒಂದು ಕಂಪನಿಗೆ ನಾವೂ ದುಡ್ಡು ಕಟ್ಟಿ ಹೋಗಿದ್ದೆವು. ಗೈಡ್ ಅಂತ ಬಂದ ಹುಡುಗ ಮುಂದೆ ಮುಂದೆ ಓಡಿದ, ಹಿಂದೆ ಉಳಿದವರಿಗೆ ಮೊಬೈಲ್ ಟಾರ್ಚೇ ಗತಿ, ಮೇಲೆ ಹೋದರೆ ಇನ್ಯಾವುದೋ ಗುಂಪಿನ ಸ್ಪೀಕರು. ಸೂರ್ಯೋದಯ ಚೆನ್ನಾಗಿತ್ತು, ಅದಕ್ಕೆ ಕಂಪನಿಗೆ ಕ್ರೆಡಿಟ್ ಕೊಡಲು ಆಗಲ್ಲ ಅಲ್ವಾ.

ಮೇಲುಕೋಟೆಗೆ ಗೈಡೂ ಬೇಡ, ಪ್ಯಾಕೇಜೂ ಬೇಡ. ಕಲ್ಯಾಣಿಯಿಂದ ಶುರು ಮಾಡಿ. ಬಿಸಿಲೇರುವ ಮೊದಲು ಬಂದರೆ ಭುವನೇಶ್ವರಿ ಮಂಟಪದ ಕಡೆ ನೆರಳಿರುತ್ತದೆ, ಜನ ಕಡಿಮೆ, ಕೋತಿ ಮಾತ್ರ ಆಗಲೇ ಡ್ಯೂಟಿಗೆ ಹಾಜರು. ಕೈಯಲ್ಲಿ ಪ್ಲಾಸ್ಟಿಕ್ ಕವರು ಕಂಡರೆ ಸಾಕು, ಒಳಗೆ ಏನಿದೆ ಅಂತಲೂ ನೋಡದೆ ಕಿತ್ತುಕೊಳ್ಳುತ್ತವೆ. ತಿಂಡಿ ಬ್ಯಾಗಿನೊಳಗೆ ಇರಲಿ. ಬೆಟ್ಟಕ್ಕೆ 300ರ ಆಸುಪಾಸು ಮೆಟ್ಟಿಲು. ಅರ್ಧದವರೆಗೆ ಗಾಡಿ ಹೋಗುವ ರಸ್ತೆಯೂ ಇದೆ, ವಯಸ್ಸಾದವರಿಗೆ ಅನುಕೂಲ. ಕಾಲು ಗಟ್ಟಿ ಇದ್ದವರು ಕೆಳಗಿಂದಲೇ ಹತ್ತಿ. ಮಧ್ಯೆ ನಿಂತು ತಿರುಗಿ ನೋಡಿದರೆ ಕಲ್ಯಾಣಿ ಚೌಕ, ಅದರ ಸುತ್ತ ಹೆಂಚಿನ ಮನೆಗಳು, ಅದರಾಚೆ ಒಂದರ ಹಿಂದೆ ಒಂದು ಗುಡ್ಡ.

ನನಗೆ ನಿಜವಾಗಿ ಇಷ್ಟವಾಗುವ ಭಾಗ ಶುರುವಾಗುವುದು ಬೆಟ್ಟ ಇಳಿದ ಮೇಲೆ. ಊರ ಬೀದಿ ದಾಟಿ ರಾಯಗೋಪುರದ ಕಡೆ ನಡೆಯಿರಿ. ಅರ್ಧಕ್ಕೇ ನಿಂತ ಗೋಪುರ ಅದು. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟರು, ಬೆಳಗಾಯಿತು, ಬಿಟ್ಟು ಹೋದರು ಅಂತ ಕಥೆ ಹೇಳುತ್ತಾರೆ. ಕಥೆ ಏನೇ ಇರಲಿ, ಆ ಎತ್ತರದ ಕಂಬಗಳ ಬುಡದಲ್ಲಿ ನಿಂತು ತಲೆ ಎತ್ತಿದರೆ ಮೇಲೆ ಚಾವಣಿಯಿಲ್ಲ, ಬರೀ ಆಕಾಶ. ಎಷ್ಟೋ ಸಿನಿಮಾ ಹಾಡುಗಳಲ್ಲಿ ಇದನ್ನು ನೋಡಿರುತ್ತೀರಿ. ಮದುವೆ ಸೀಸನ್ನಿನಲ್ಲಿ ಹೋದರೆ ಪ್ರೀ ವೆಡ್ಡಿಂಗ್ ಜೋಡಿಗಳು ಸರದಿಯಲ್ಲಿ ಕಾಯುತ್ತಿರುತ್ತಾರೆ. ಅವರ ಫ್ರೇಮಿಗೆ ಅಡ್ಡ ಬಂದರೆ ಕ್ಯಾಮೆರಾದವನಿಂದ ಬೈಗುಳ ಗ್ಯಾರಂಟಿ.

ಅಲ್ಲಿಂದ ಅಕ್ಕ-ತಂಗಿ ಕೊಳ. ಪಕ್ಕಪಕ್ಕದಲ್ಲೇ ಎರಡು ಕೊಳ. ಒಂದರ ನೀರು ದೇವರ ಕೆಲಸಕ್ಕೆ, ಇನ್ನೊಂದರದು ಬಳಕೆಗೆ ಅಂತ ಊರಲ್ಲಿ ಹೇಳುತ್ತಾರೆ. ಮೆಟ್ಟಿಲ ಮೇಲೆ ಸುಮ್ನೆ ಕೂರಲು ಇದಕ್ಕಿಂತ ಒಳ್ಳೆ ಜಾಗ ಮೇಲುಕೋಟೆಯಲ್ಲಿ ನಾನು ಕಂಡಿಲ್ಲ.

ಮುಂದಕ್ಕೆ ಧನುಷ್ಕೋಟಿ. ರಾಮೇಶ್ವರದ್ದಲ್ಲ, ನಮ್ಮದೇ. ಸೀತೆಗೆ ಬಾಯಾರಿಕೆ ಆದಾಗ ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಜಾಗ ಅಂತ ಪ್ರತೀತಿ. ಈ ದಾರಿಯಲ್ಲಿ ನಡಿಗೆಯ ರುಚಿಯೇ ಬೇರೆ. ದೊಡ್ಡ ದೊಡ್ಡ ಬಂಡೆ, ನಡುವೆ ಕೆಂಪು ಮಣ್ಣು, ಎರಡೂ ಕಡೆ ಬಂದ್ರೆ ಗಿಡ, ತಂಗಡಿ, ಕಾರೆ, ಅಲ್ಲಲ್ಲಿ ಸೀತಾಫಲ. ಬಂದ್ರೆ ಸೊಪ್ಪನ್ನು ಒಮ್ಮೆ ಬೆರಳಲ್ಲಿ ತಿಕ್ಕಿ ನೋಡಿ, ಎಲೆ ಒಣಗಿದ ಹಾಗೆ ಕಂಡರೂ ಅಂಟಂಟು, ಬೆರಳಿಗೆ ಹತ್ತಿದ ವಾಸನೆ ಬೇಗ ಹೋಗುವುದಿಲ್ಲ. ದಟ್ಟ ಕಾಡು, ಜಲಪಾತ, ಮಂಜು ಅಂತ ಆಸೆ ಇಟ್ಟುಕೊಂಡು ಬಂದರೆ ನಿರಾಸೆ ಖಚಿತ. ಇದು ಕೊಡಗಲ್ಲ. ಮುಳ್ಳು, ಬಂಡೆ, ಗಾಳಿಯ ಬಯಲುಸೀಮೆ ಕಾಡು. ಇದರ ಚೆಂದ ಕಾಣಲು ನಿಧಾನಕ್ಕೆ ನಡೆಯಬೇಕು. ನೆಲ ನೋಡುತ್ತಾ ನಡೆಯುವವರಿಗೆ ಇನ್ನೊಂದು ವಿಷಯ: ವೈಷ್ಣವರು ಹಣೆಗೆ ಇಟ್ಟುಕೊಳ್ಳುವ ನಾಮದ ಬಿಳಿ ಮಣ್ಣಿಗೆ ಈ ಊರು ಹಿಂದಿನಿಂದಲೂ ಹೆಸರುವಾಸಿ. ರಾಮಾನುಜಾಚಾರ್ಯರು 12ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ಕಾಲದ ಕಥೆಗಳಲ್ಲೂ ಈ ಮಣ್ಣು ಬರುತ್ತದೆ.

ಒಂದು ಎಚ್ಚರಿಕೆ. ಸುತ್ತಲಿನ ಕಾಡು 1974ರಲ್ಲೇ ವನ್ಯಜೀವಿಧಾಮ ಆಗಿದೆ, ಮುಖ್ಯವಾಗಿ ತೋಳಗಳ ಸಲುವಾಗಿ. ದೇವಸ್ಥಾನದ ಊರಿಗೆ ತೋಳಗಳ ಕಾಡು ಅಂಟಿಕೊಂಡಿದೆ ಅನ್ನುವುದು ಇಲ್ಲಿಗೆ ಬರುವ ಬಹಳ ಜನಕ್ಕೆ ಗೊತ್ತೇ ಇಲ್ಲ. ತೋಳ ನಿಮ್ಮ ಕಣ್ಣಿಗೆ ಬೀಳುವುದು ಕಷ್ಟ, ನವಿಲು ಬೇಕಾದಷ್ಟು ಸಿಗುತ್ತವೆ. ಚಿರತೆಯೂ ಇರುವ ಪ್ರದೇಶ ಇದು. ಹಾಗಾಗಿ ಕತ್ತಲಲ್ಲಿ ನಡೆಯುವ ಶೋಕಿ ಬೇಡ. ಜನ ಓಡಾಡುವ ದಾರಿ ಬಿಟ್ಟು ಕಾಡಿನ ಒಳಗೆ ಹೋಗಬೇಕು ಅನಿಸಿದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಸಂಜೆ ಸೂರ್ಯ ಮುಳುಗುವುದು ನೋಡಲೇಬೇಕು ಅನ್ನುವವರು ರಾಯಗೋಪುರದ ಹತ್ತಿರವೇ ನೋಡಿ, ಬೆಳಕಿರುವಾಗಲೇ ಊರು ಸೇರಿ.

ಈಗ ಬೇಜಾರಿನ ವಿಷಯ. ದಾರಿ ತೋರಿಸುವ ಬೋರ್ಡು ಬೇಕಾದ ಕಡೆ ಇಲ್ಲ. ಕವಲು ಬಂದ ಕಡೆಯೆಲ್ಲ ಯಾರನ್ನಾದರೂ ಕೇಳಬೇಕು. ಮೇಕೆ ಕಾಯುತ್ತಿದ್ದ ಒಬ್ಬ ಅಜ್ಜ ನಮಗೆ ದಾರಿ ಹೇಳಿದ್ದು ಹೀಗೆ: "ಹಿಂಗೇ ಹೋಗಿ ಸಾಮಿ, ಆ ಬಂಡೆ ಮಗ್ಗುಲಾಗೆ ತಿರೀಕಳಿ, ತಪ್ಪಿದ್ರೆ ಕೂಗಿ, ನಾನಿಲ್ಲೇ ಇರ್ತೀನಿ." ಯಾವ ಮ್ಯಾಪೂ ಈ ಸರ್ವೀಸ್ ಕೊಡಲ್ಲ ಬಿಡಿ. ಇನ್ನು ಕಸ. ಬಂಡೆ ಸಂದಿಗಳಲ್ಲಿ ಬಾಟಲಿ, ಚಿಪ್ಸ್ ಕವರು, ಒಡೆದ ಬಿಯರ್ ಸೀಸೆ. ಬಂಡೆ ಮೇಲೆ ಬಣ್ಣದಲ್ಲಿ ಹೃದಯ ಬರೆದು ಒಳಗೆ ಎರಡು ಹೆಸರು. ಶೌಚಾಲಯ ಊರೊಳಗೆ ಮಾತ್ರ, ಹೊರಟ ಮೇಲೆ ಏನೂ ಇಲ್ಲ. ಹೆಣ್ಣುಮಕ್ಕಳ ಜೊತೆ ಹೋಗುವವರು ಇದನ್ನು ಮೊದಲೇ ಯೋಚನೆ ಮಾಡಿಕೊಳ್ಳಿ. ನೀರೂ ಅಷ್ಟೇ, ಊರಲ್ಲೇ ತುಂಬಿಸಿಕೊಳ್ಳಿ.

ಊಟದ ವಿಷಯಕ್ಕೆ ಚಿಂತೆಯಿಲ್ಲ. ಪುಳಿಯೋಗರೆ, ಸಕ್ಕರೆ ಪೊಂಗಲ್ ಇಲ್ಲಿ ತಿನ್ನದೆ ಇನ್ನೆಲ್ಲಿ ತಿನ್ನುತ್ತೀರಿ. ಗೊಜ್ಜು ಅಂದರೆ ಹುಣಸೆ, ಬೆಲ್ಲ, ಮೆಣಸಿನಕಾಯಿ ಹದವಾಗಿ ಕುದ್ದು ಎಣ್ಣೆ ಬಿಟ್ಟಿರಬೇಕು, ಅನ್ನ ಉದುರುದುರಾಗಿರಬೇಕು. ಎಲ್ಲ ಕಡೆಯೂ ಹಾಗೆ ಸಿಗಲ್ಲ. ಬೋರ್ಡು ದೊಡ್ಡದಿರುವ ಕಡೆಗಿಂತ ಮನೆ ಜಗುಲಿಯಲ್ಲಿ ಮಾರುವ ಕಡೆ ನನಗೆ ಚೆನ್ನಾಗಿ ಸಿಕ್ಕಿದೆ. ನಡೆಯುವ ಮೊದಲು ಹೊಟ್ಟೆ ಬಿರಿಯ ತಿನ್ನಬೇಡಿ, ಹುಣಸೆ ಮತ್ತು ಬಿಸಿಲು ಸೇರಿದರೆ ದಾರಿಯುದ್ದಕ್ಕೂ ನೀರು ನೀರು ಅನ್ನಬೇಕಾಗುತ್ತದೆ.

ಮೈಸೂರಿಂದ 50 ಕಿಲೋಮೀಟರ್ ಆಸುಪಾಸು. ಬಸ್ಸಿದೆ, ನೇರ ಬಸ್ ಸಿಗದಿದ್ದರೆ ಪಾಂಡವಪುರಕ್ಕೆ ಬಂದು ಬದಲಿಸಿ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಖರ್ಚೂ ಇಲ್ಲ. ಸ್ವಂತ ಗಾಡಿ ಇದ್ದರೆ ವಾಪಸ್ ಬರುವಾಗ ತೊಣ್ಣೂರು ಕೆರೆಗೆ ತಿರುಗಿಸಿ. ಗುಡ್ಡಗಳ ನಡುವೆ ತಿಳಿನೀರು, ಹೊಯ್ಸಳರ ಕಾಲದ ನಂಬಿನಾರಾಯಣ ಗುಡಿ. ನೀರಿಗೆ ಮಾತ್ರ ಇಳಿಯಬೇಡಿ. ನೋಡಲು ಎಷ್ಟು ತಿಳಿಯೋ ಅಷ್ಟೇ ಆಳ.

ಅಕ್ಟೋಬರಿಂದ ಜನವರಿ ಒಳ್ಳೆ ಕಾಲ, ಮಳೆ ಮುಗಿದು ಗುಡ್ಡಗಳೆಲ್ಲ ಹಸಿರಾಗಿರುತ್ತವೆ. ಏಪ್ರಿಲ್, ಮೇನಲ್ಲಿ ಬಂಡೆ ಕಾದ ಕಾವಲಿ. ವೈರಮುಡಿ ಸಮಯದಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಸುಮಾರಿಗೆ, ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಲ್ಲಿ ಚೆಲುವನಾರಾಯಣನಿಗೆ ತೊಡಿಸುವ ವಜ್ರದ ಕಿರೀಟ ಬರುತ್ತದೆ. ಊರಲ್ಲಿ ಕಾಲಿಡಲು ಜಾಗ ಇರಲ್ಲ. ಉತ್ಸವ ನೋಡಬೇಕಾದರೆ ಅವತ್ತೇ ಬನ್ನಿ, ನಡೆಯಬೇಕಾದರೆ ಆ ವಾರವೇ ಬೇಡ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಸಕ್ಕೆ ಅರ್ಧ, ಬೋರ್ಡು ಮತ್ತು ಶೌಚಾಲಯಕ್ಕೆ ಇನ್ನರ್ಧ ಕಟ್. ಚಪ್ಪಲಿ ಹಾಕಿಕೊಂಡು ಹೊರಡಬೇಡಿ, ಹಿಡಿತ ಇರುವ ಶೂ ಹಾಕಿ. ಕಾರೆ ಮುಳ್ಳು ರಬ್ಬರ್ ಚಪ್ಪಲಿಯ ಒಳಗೇ ತೂರುತ್ತದೆ.