ರೇಡಿಯೇಟರ್‌ಗೆ ಬೋರ್ ನೀರು ಹಾಕಿದ್ದಕ್ಕೆ ಸಿರುಗುಪ್ಪದ ಹತ್ತಿರ ಕೆಟ್ಟು ನಿಂತ ಆಲ್ಟೊ

ಮೇ ತಿಂಗಳ ಮಧ್ಯಾಹ್ನ. ರಾಯಚೂರಿನಿಂದ ಮಾನ್ವಿ, ಸಿಂಧನೂರು ದಾಟಿ ಬಳ್ಳಾರಿ ಕಡೆ ಹೊರಟಿದ್ದ 2014ರ ಆಲ್ಟೊ 800. ಸೆಕೆಂಡ್ ಹ್ಯಾಂಡ್ ಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಒಳಗೆ ಐದು ಜನ, ಎಸಿ ಚಾಲೂ. ಸಿರುಗುಪ್ಪ ಏಳೆಂಟು ಕಿಲೋಮೀಟರ್ ಇದೆ ಅನ್ನುವಾಗ ಎಸಿಯಿಂದ ಬಿಸಿಗಾಳಿ ಬರಲು ಶುರುವಾಯಿತು. ಗ್ಯಾಸ್ ಮುಗಿದಿರಬೇಕು ಅಂದುಕೊಂಡು ಗಾಜು ಇಳಿಸಿ ಹಾಗೇ ಓಡಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪಿಕಪ್ ಸತ್ತಿತು, ಬಾನೆಟ್ ಸಂದಿಯಿಂದ ಹಬೆ ಎದ್ದಿತು, ಗಾಡಿ ನಿಂತಿತು. ಪಕ್ಕದ ಹೊಲದ ಬೋರಿನಿಂದ ಒಂದು ಕೊಡ ತಣ್ಣೀರು ತಂದು, ಬಟ್ಟೆ ಸುತ್ತಿ ರೇಡಿಯೇಟರ್ ಕ್ಯಾಪ್ ತೆಗೆದು, ಕಾದ ಎಂಜಿನ್‌ಗೇ ಸುರಿದರು. ಕ್ಯಾಪ್ ತೆಗೆದವರ ಮುಂಗೈ ಸುಟ್ಟಿತು. ಎಂಜಿನ್‌ನ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ, ಹೋಯಿತು.

ಈ ಬರಹ ಆ ಹೆಡ್ ಹೋದದ್ದರ ಬಗ್ಗೆ. ಇದು ಒಂದು ಕಾರಿನ ದುರದೃಷ್ಟ ಅಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರೂ ಕಡೆ ಚಿಕ್ಕ ಪೆಟ್ರೋಲ್ ಕಾರುಗಳು ಬೇಸಿಗೆಯಲ್ಲಿ ಇದೇ ರೀತಿ ಹಾಳಾಗುತ್ತವೆ. ಹೆಚ್ಚಿನವಕ್ಕೆ ಕಾರಣ ಒಂದೇ ಮಾತು: "ನಮ್ಮಲ್ಲಿ ಹಿಮ ಬೀಳ್ತದೇನ್ರೀ, ಕೂಲೆಂಟ್ ಯಾಕೆ? ನೀರು ಸಾಕು." (ಕೂಲೆಂಟ್ ಅಂದರೆ ಎಂಜಿನ್ ತಣ್ಣಗಿಡಲು ರೇಡಿಯೇಟರ್‌ಗೆ ಹಾಕುವ ದ್ರವ.)

ಬಿಚ್ಚಿದಾಗ ಕಂಡದ್ದು ಹೀಗಿತ್ತು. ರೇಡಿಯೇಟರ್ ಕೊಳವೆಗಳ ಬಾಯಲ್ಲಿ ಕಂದು ಕೆಸರು. ಹೆಡ್‌ನ ನೀರಿನ ದಾರಿಗಳ ಒಳಗೋಡೆಗೆ ಬಿಳಿ ಗಟ್ಟಿ ಪದರ, ಉಗುರಿನಿಂದ ಕೆರೆದರೂ ಬರುವುದಿಲ್ಲ. ಮನೆಯಲ್ಲಿ ನೀರು ಕಾಯಿಸುವ ಹೀಟರ್ ಕಾಯಿಲ್ ನೋಡಿ, ಆರು ತಿಂಗಳಿಗೆ ಅದರ ಮೇಲೆ ಸುಣ್ಣದ ಹಕ್ಕಳೆ ಕಟ್ಟಿರುತ್ತದಲ್ಲ, ಅದೇ. ಕೂಲೆಂಟ್ ಕಾದ ಮೇಲೆ ಅದನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ. ಫ್ಯಾನ್‌ನ ವೈರನ್ನು ಸೆನ್ಸರ್ ಬಿಟ್ಟು ನೇರ ಇಗ್ನಿಷನ್‌ಗೆ ಕೊಟ್ಟಿದ್ದರು, ಕೀ ಆನ್ ಇದ್ದಷ್ಟು ಹೊತ್ತೂ ತಿರುಗಲೆಂದು. ಅಂದರೆ ಗಾಡಿ ಮೊದಲೂ ಹೀಟ್ ಆಗುತ್ತಿತ್ತು. ರಿಪೇರಿ ಮಾಡುವ ಬದಲು ರೋಗದ ಲಕ್ಷಣವನ್ನಷ್ಟೇ ಮುಚ್ಚಿ, ಹೆಚ್ಚಾದ ಕೂಲೆಂಟ್ ನಿಲ್ಲುವ ಪ್ಲಾಸ್ಟಿಕ್ ಡಬ್ಬಿಗೆ ಹಸಿರು ಬಣ್ಣದ ನೀರು ಹಾಕಿ ಮಾರಿದ್ದರು. ಡಬ್ಬಿಯಲ್ಲಿ ಹಸಿರು ಕಂಡವರು ಕೂಲೆಂಟ್ ಇದೆ ಎಂದೇ ನಂಬಿದರು.

ಎಂಜಿನ್ ಎಂಥದು ಎಂದು ಗೊತ್ತಿದ್ದರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಆಲ್ಟೊ 800ರದು 796 ಸಿಸಿ, ಮೂರು ಸಿಲಿಂಡರ್, 12 ವಾಲ್ವ್. ಶಕ್ತಿ 48 ಪಿಎಸ್, ಟಾರ್ಕ್ (ಎಳೆಯುವ ಬಲ) 69 ಎನ್‌ಎಂ. ಆಲ್ಟೊ ಕೆ10, ವ್ಯಾಗನ್‌ಆರ್ 1.0 ಇವುಗಳಲ್ಲಿರುವ ಕೆ ಸರಣಿಯ ಎಂಜಿನ್ 998 ಸಿಸಿ, ಅದೂ ಮೂರೇ ಸಿಲಿಂಡರ್. ಚಿಕ್ಕದರಲ್ಲಿ ಟೈಮಿಂಗ್ ಬೆಲ್ಟ್, ದೊಡ್ಡದರಲ್ಲಿ ಟೈಮಿಂಗ್ ಚೈನ್. ಎರಡೂ ಒಳ್ಳೆಯ ಎಂಜಿನ್‌ಗಳೇ, ಸರಿಯಾಗಿ ನೋಡಿಕೊಂಡರೆ ಲಕ್ಷ ಕಿಲೋಮೀಟರ್ ದಾಟಿದ ಮೇಲೂ ತಕರಾರಿಲ್ಲದೆ ಓಡುತ್ತವೆ. ಆದರೆ ಎರಡರ ಹೆಡ್ಡೂ ಅಲ್ಯೂಮಿನಿಯಂ. ಒಳಗಿನ ಕೂಲೆಂಟ್ ಎಲ್ಲ ಸೇರಿ ಸುಮಾರು ನಾಲ್ಕು ಲೀಟರ್, ಆಯಿಲ್ ಸುಮಾರು ಮೂರು ಲೀಟರ್. ಇಷ್ಟು ಕಡಿಮೆ ದ್ರವದಲ್ಲಿ ಒಂದು ಲೀಟರ್ ಸೋರಿದರೂ ಕಾಲುಭಾಗ ಹೋದಂತೆ. 69 ಎನ್‌ಎಂ ಟಾರ್ಕ್‌ನಲ್ಲಿ ಐದು ಜನರನ್ನೂ ಎಸಿಯನ್ನೂ 42 ಡಿಗ್ರಿ ಬಿಸಿಲಲ್ಲಿ ಎಳೆಯುವಾಗ ಆ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ತಪ್ಪನ್ನು ತಡೆದುಕೊಳ್ಳುವ ಮಿಗಿಲು ಶಕ್ತಿ ಅದಕ್ಕಿರುವುದಿಲ್ಲ. ಆಲ್ಟೊ 800 ತಯಾರಿಕೆ 2023ರಲ್ಲಿ ನಿಂತಿದೆ, ಹಾಗಾಗಿ ಈಗ ಸಿಗುವುದೆಲ್ಲ ಯಾರೋ ಓಡಿಸಿದ್ದೇ. ಹಿಂದಿನವರು ಯಾವ ನೀರು ಹಾಕಿದ್ದರು ಅನ್ನುವುದು ನಿಮ್ಮ ಪಾಲಿಗೆ ಬರುತ್ತದೆ.

ಈಗ ನೀರಿನ ವಿಷಯ. ನಮ್ಮ ಕಡೆಯ ಬೋರ್ ನೀರು ಗಡಸು, ಎಷ್ಟೋ ಊರಲ್ಲಿ ಸವಳೇ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಕಾದಾಗ ಸುಣ್ಣದ ಕಲ್ಲಾಗಿ ಕೂರುತ್ತದೆ, ಅದೂ ಎಲ್ಲಿ ಅತಿ ಬಿಸಿಯೋ ಅಲ್ಲೇ ಮೊದಲು: ಹೆಡ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಸುತ್ತ. ಈ ಕಲ್ಲು ಅಲ್ಯೂಮಿನಿಯಂಗಿಂತ ಹತ್ತಾರು ಪಟ್ಟು ಕಡಿಮೆ ಬಿಸಿ ಸಾಗಿಸುತ್ತದೆ. ನೀರು ತಣ್ಣಗೇ ಇದ್ದರೂ ಲೋಹ ಸುಡುತ್ತಿರುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಸುಣ್ಣ ಒಳಗೇ ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಅರ್ಧ ಲೀಟರ್ ಸುರಿಯುತ್ತಾ ಹೋದರೆ ವರ್ಷಕ್ಕೆ ಹನ್ನೆರಡು ಲೀಟರ್ ನೀರಿನ ಸುಣ್ಣ ಆ ನಾಲ್ಕು ಲೀಟರ್ ಜಾಗದಲ್ಲಿ ಸೇರುತ್ತದೆ. ಸವಳಿನ ಉಪ್ಪು ಇದರ ಜೊತೆಗೆ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ವಾಟರ್ ಪಂಪ್ ಸೀಲ್ ಸವೆಸುತ್ತದೆ.

ಕೂಲೆಂಟ್ ಹಿಮದ ದೇಶಕ್ಕೆ ಮಾತ್ರ ಅನ್ನುವುದು ತಪ್ಪು. ಗ್ಲೈಕಾಲ್ (ಕೂಲೆಂಟ್‌ನ ಮುಖ್ಯ ರಾಸಾಯನಿಕ) ಮತ್ತು ಶುದ್ಧ ನೀರು ಅರ್ಧಕ್ಕರ್ಧ ಇದ್ದರೆ, ಕ್ಯಾಪ್ ಇಲ್ಲದೆಯೂ ಸುಮಾರು 107 ಡಿಗ್ರಿವರೆಗೆ ಕುದಿಯುವುದಿಲ್ಲ. ಕ್ಯಾಪ್ 0.9 ಬಾರ್ ಒತ್ತಡ ಹಿಡಿದರೆ ಕುದಿಬಿಂದು ಇನ್ನೂ ಸುಮಾರು 20 ಡಿಗ್ರಿ ಮೇಲೇರುತ್ತದೆ. ಕುದಿಬಿಂದುವಿನ ಈ ಅಂತರ ಬೇಕಾಗಿರುವುದು ನಮಗೇ. ತುಕ್ಕು ತಡೆಯುವ ರಾಸಾಯನಿಕಗಳೂ ಕೂಲೆಂಟ್‌ನಲ್ಲೇ ಇರುತ್ತವೆ, ಬರೀ ನೀರಿನಲ್ಲಿ ಅವು ಇಲ್ಲ. ಹಾಗಂತ ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತಲೂ ಅಲ್ಲ. ಗ್ಲೈಕಾಲ್ ನೀರಿನಷ್ಟು ಬಿಸಿ ಹೊರುವುದಿಲ್ಲ, ಆದ್ದರಿಂದ ನೀರು ಬೆರೆಸದ ಗಟ್ಟಿ ಕೂಲೆಂಟ್ (ಕಾನ್ಸಂಟ್ರೇಟ್) ಅನ್ನು ಹಾಗೇ ಸುರಿಯಬೇಡಿ. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಬೆರೆಸುವ ರಗಳೆ ಬೇಡ ಅಂದರೆ ರೆಡಿ ಮಿಕ್ಸ್ ಕೊಳ್ಳಿ, ಅದಕ್ಕೆ ಹನಿ ನೀರೂ ಸೇರಿಸುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಆ ಪ್ಲಾಸ್ಟಿಕ್ ಡಬ್ಬಿ. ಡಬ್ಬಿ ತುಂಬಿದ್ದರೆ ರೇಡಿಯೇಟರ್ ತುಂಬಿದೆ ಎಂದಲ್ಲ. ಕ್ಯಾಪ್‌ನಲ್ಲಿ ಎರಡು ವಾಲ್ವ್ ಇವೆ. ಬಿಸಿಯಾದಾಗ ಒಂದು ತೆರೆದು ಹೆಚ್ಚಾದದ್ದನ್ನು ಡಬ್ಬಿಗೆ ಬಿಡುತ್ತದೆ, ತಣ್ಣಗಾದಾಗ ಇನ್ನೊಂದು ತೆರೆದು ವಾಪಸ್ ಎಳೆದುಕೊಳ್ಳುತ್ತದೆ. ಎರಡನೆಯದು ಜಾಮ್ ಆದರೆ ನೀರು ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಡಬ್ಬಿ ಭರ್ತಿ, ರೇಡಿಯೇಟರ್ ಖಾಲಿ. ಬೆಳಿಗ್ಗೆ ತಣ್ಣಗಿರುವಾಗ ಹೋಸ್ ಪೈಪ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಕ್ಯಾಪ್ ಕೆಟ್ಟಿದೆ. ಕ್ಯಾಪ್ ಬದಲಿಸುವಾಗ ಹಳೆಯದರ ಮೇಲೆ ಬರೆದ ಒತ್ತಡದ ಅಂಕಿಯನ್ನೇ ನೋಡಿ ತನ್ನಿ, ಅಳತೆಗೆ ಕೂತರೆ ಸಾಕು ಎಂದು ಸಿಕ್ಕಿದ್ದನ್ನು ಹಾಕಬೇಡಿ.

ಹೀಗೆ ಕೂಲೆಂಟ್ ಇಳಿದು ಹೋದರೆ ಟೆಂಪರೇಚರ್ ಸೆನ್ಸರ್ ಕೂಡ ಗಾಳಿಯಲ್ಲೋ ಹಬೆಯಲ್ಲೋ ನಿಂತಿರುತ್ತದೆ, ನಿಜವಾದ ಬಿಸಿಯನ್ನು ತೋರಿಸುವುದಿಲ್ಲ. ಹಲವು ಚಿಕ್ಕ ಕಾರುಗಳಲ್ಲಿ ಬಿಸಿ ತೋರಿಸುವ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಆದ್ದರಿಂದ ಎಸಿ ಇದ್ದಕ್ಕಿದ್ದಂತೆ ಬಿಸಿ ಊದಿದರೆ ಅದನ್ನು ಗ್ಯಾಸ್ ಸಮಸ್ಯೆ ಅಂದುಕೊಳ್ಳಬೇಡಿ. ಎಂಜಿನ್ ಮಿತಿ ಮೀರಿ ಕಾದಾಗ ಹಲವು ಕಾರುಗಳ ಕಂಪ್ಯೂಟರ್ ಮೊದಲು ಎಸಿ ಕಂಪ್ರೆಸರ್ ಅನ್ನೇ ನಿಲ್ಲಿಸುತ್ತದೆ. ಆ ಆಲ್ಟೊ ಕೊಟ್ಟ ಎಚ್ಚರಿಕೆ ಅದೇ ಆಗಿತ್ತು.

ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಚಟ ನಮ್ಮ ಕಡೆ ಬಹಳ. "ಬಿಸಿಲೂರಲ್ಲಿ ಇದ್ಯಾಕೆ" ಅನ್ನುತ್ತಾರೆ. ಅದು ಸುಮಾರು 82ರಿಂದ 88 ಡಿಗ್ರಿಗೆ ತೆರೆಯುವ ಬಾಗಿಲು. ಇಲ್ಲದಿದ್ದರೆ ಎಂಜಿನ್ ಬಿಸಿಯಾಗಲು ತಡವಾಗುತ್ತದೆ, ಕಂಪ್ಯೂಟರ್ ಇನ್ನೂ ತಣ್ಣಗಿದೆ ಎಂದು ಪೆಟ್ರೋಲ್ ಹೆಚ್ಚು ಬಿಡುತ್ತದೆ, ಮೈಲೇಜ್ ಇಳಿಯುತ್ತದೆ, ಉರಿಯದ ಪೆಟ್ರೋಲ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ನಿಮ್ಮದು ಸರಿಯಿದೆಯೇ ಎಂದು ಮನೆಯಲ್ಲೇ ನೋಡಬಹುದು: ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಡಿ, ತಳಕ್ಕೆ ತಾಗದಿರಲಿ, ಜೊತೆಗೊಂದು ಥರ್ಮಾಮೀಟರ್. ಅದರ ಮೇಲೆ ಕೆತ್ತಿರುವ ಡಿಗ್ರಿ ಹತ್ತಿರ ಬಂದಾಗ ತೆರೆಯಬೇಕು, ಆರಿದಾಗ ಪೂರ್ತಿ ಮುಚ್ಚಬೇಕು.

ಹೊರಗಿನ ಧೂಳೂ ಇದಕ್ಕೆ ಸೇರುತ್ತದೆ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಗಳ ರೇಡಿಯೇಟರ್ ಜಾಲರಿಗೆ ಕೆಂಪು ಅದಿರಿನ ಧೂಳು, ರಾಯಚೂರು ಕಡೆ ಹತ್ತಿಯ ಎಳೆ, ಗಂಗಾವತಿ, ಸಿಂಧನೂರು ಕಡೆ ಭತ್ತದ ಹೊಟ್ಟು. ಎಸಿ ಕಂಡೆನ್ಸರ್ ಮುಂದೆ, ರೇಡಿಯೇಟರ್ ಹಿಂದೆ, ನಡುವಿನ ಸಂದಿಯಲ್ಲಿ ಕಸ ಕಂಬಳಿಯ ಹಾಗೆ ಕೂತಿರುತ್ತದೆ, ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಎಂಜಿನ್ ಕಡೆಯಿಂದ ಹೊರಮುಖವಾಗಿ ಸಣ್ಣ ಒತ್ತಡದ ನೀರು ಬಿಡಿ. ಸರ್ವೀಸ್ ಸ್ಟೇಷನ್ನಿನ ಜೋರು ಗನ್ ಹಿಡಿದರೆ ರೇಡಿಯೇಟರ್‌ನ ತೆಳು ರೆಕ್ಕೆಗಳು ಮಡಚಿ ಗಾಳಿಯೇ ಹೋಗದಂತಾಗುತ್ತದೆ. ಏರ್ ಫಿಲ್ಟರ್ ಅನ್ನು ಈ ರಸ್ತೆಗಳಲ್ಲಿ 5,000 ಕಿಲೋಮೀಟರ್‌ಗೊಮ್ಮೆ ತೆಗೆದು ನೋಡಿ. (ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ಹುರುಳಿ ಗಿಡಗಳ ಮೇಲೆ ಗಾಡಿ ಹತ್ತಿಸಲೇಬೇಡಿ. ಅಡಿಯಲ್ಲಿ ಸುತ್ತಿಕೊಂಡು ಬಿಸಿ ಸೈಲೆನ್ಸರ್‌ಗೆ ತಾಗಿ ಹೊತ್ತಿಕೊಳ್ಳಬಹುದು.)

ಗಾಡಿ ಹೀಟ್ ಆದರೆ: ಎಸಿ ಬಂದ್, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಜೋರು, ಮೊದಲು ಸಿಕ್ಕ ಜಾಗದಲ್ಲಿ ಪಕ್ಕಕ್ಕೆ. ಕೆಂಪು ದೀಪ ಬಂದಿದ್ದರೆ ಅಥವಾ ಹಬೆ ಕಂಡರೆ ಎಂಜಿನ್ ತಕ್ಷಣ ಆಫ್. ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ. ಮೇಲಿನ ಹೋಸ್ ಪೈಪ್ ಹಿಂಡಿದರೆ ಮೆತ್ತಗಾಗಿ, ಕೈಗೆ ಬೆಚ್ಚಗೆ ಮಾತ್ರ ತಾಗಬೇಕು, ಆಮೇಲೆ ತೆಗೆಯಿರಿ. ಕಾದ ಅಲ್ಯೂಮಿನಿಯಂಗೆ ತಣ್ಣೀರು ಬಿದ್ದರೆ ಹೆಡ್ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಬಿರುಕೇ ಬಿಡುತ್ತದೆ. ಊರು ಮುಟ್ಟಲು ಬೇರೆ ದಾರಿ ಇಲ್ಲದಿದ್ದರೆ ಕುಡಿಯುವ ಬಾಟಲಿ ನೀರು ಹಾಕಿ. ಮನೆ ಸೇರಿದ ಮೇಲೆ ಅದನ್ನು ಪೂರ್ತಿ ತೆಗೆಸಿ.

ಆ ಆಲ್ಟೊದ ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿದಾಗ ನಡುವಿನ ಸಿಲಿಂಡರ್ ಹತ್ತಿರ ಬಾಗಿತ್ತು. ಈ ಎಂಜಿನ್‌ಗಳಲ್ಲಿ ಬಾಗು 0.05 ಮಿ.ಮೀ. ದಾಟಬಾರದು, ತಲೆಕೂದಲಿನ ದಪ್ಪಕ್ಕಿಂತ ಹೆಚ್ಚಲ್ಲ ಅದು. ಹೆಡ್ ಕೆಳಗೆ ಸೋರದಂತೆ ಹಿಡಿಯುವ ಗ್ಯಾಸ್ಕೆಟ್ ಎರಡು ಸಿಲಿಂಡರ್ ನಡುವಿನ ಕಿರಿದಾದ ಜಾಗದಲ್ಲಿ ಸುಟ್ಟಿತ್ತು, ಅಕ್ಕಪಕ್ಕದ ಎರಡರಲ್ಲೂ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಇರಲಿಲ್ಲ. ಇಂಥ ಕೆಲಸಕ್ಕೆ ಕೊಡುವಾಗ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ ಪ್ರೆಷರ್ ಟೆಸ್ಟ್ ಆಗಬೇಕು, ಫೇಸಿಂಗ್ ಮಾಡಿ ಹೆಡ್ ಸಮತಟ್ಟಾಗಿಸುವಾಗ ಎಷ್ಟು ಲೋಹ ತೆಗೆದರು ಎಂದು ಕೇಳಬೇಕು, ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಬಿಗಿಯಬೇಕು. ಆಯಿಲ್ ಮತ್ತು ಫಿಲ್ಟರ್ ಹೊಸದು, ಏಕೆಂದರೆ ನೀರು ಬೆರೆತ ಆಯಿಲ್ ಬೇರಿಂಗ್ ತಿನ್ನುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಡಬ್ಬಿಯಲ್ಲ, ರೇಡಿಯೇಟರ್ ಕ್ಯಾಪ್ ತೆಗೆದು ಟಾರ್ಚ್ ಬಿಡಿ: ಕಂದು ನೀರು, ಎಣ್ಣೆಯ ಪಸೆ, ಬಿಳಿ ಹಕ್ಕಳೆ ಕಂಡರೆ ಬೇಡ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕಾಫಿಗೆ ಹಾಲು ಬೆರೆಸಿದ ಬಣ್ಣದ ಜಿಡ್ಡಿದ್ದರೆ ಅನುಮಾನಿಸಿ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ಎಂಜಿನ್ ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರ್ ಗಾಳಿ ನೀರಿಗೆ ನುಗ್ಗುತ್ತಿದೆ. ಕೀ ಆನ್ ಮಾಡಿದ ಕೂಡಲೇ ಫ್ಯಾನ್ ತಿರುಗಿದರೆ ವೈರ್ ನೇರ ಕೊಟ್ಟಿರಬಹುದು. ಕಂಪ್ರೆಷನ್ ಟೆಸ್ಟ್ ಮಾಡಿಸಿ, ಮೂರು ಸಿಲಿಂಡರ್ ನಡುವೆ ಸುಮಾರು 1 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಈಗಾಗಲೇ ಬೋರ್ ನೀರು ಹಾಕಿದ್ದರೆ ತೊಳೆಸಿ, ಆದರೆ ಕಕ್ಕಸು ತೊಳೆಯುವ ಆಸಿಡ್ ಹಾಕುವ ಗ್ಯಾರೇಜಿಗೆ ಗಾಡಿ ಕೊಡಬೇಡಿ, ಅದು ಸುಣ್ಣದ ಜೊತೆ ಅಲ್ಯೂಮಿನಿಯಂ ಅನ್ನೂ ಕರಗಿಸುತ್ತದೆ. ರೇಡಿಯೇಟರ್ ಫ್ಲಶ್ ದ್ರಾವಣ ಸಿಗುತ್ತದೆ, ಡಬ್ಬದ ಮೇಲಿನ ಅಳತೆ ಮತ್ತು ಸಮಯ ಮೀರಬೇಡಿ. ಕೊನೆಯ ಎರಡು ಸಲ ಡಿಸ್ಟಿಲ್ಡ್ ವಾಟರ್‌ನಲ್ಲೇ ತೊಳೆಯಬೇಕು. ಹಳೆಯ ಹಕ್ಕಳೆ ಕಿತ್ತಾಗ ಅದರ ಹಿಂದೆ ಮುಚ್ಚಿದ್ದ ತೂತು ಸೋರಲೂಬಹುದು, ಅದು ಫ್ಲಶ್‌ನ ತಪ್ಪಲ್ಲ. ಹೊಸ ಕೂಲೆಂಟ್ ನಿಧಾನ ಸುರಿಯಿರಿ, ಕ್ಯಾಪ್ ತೆರೆದಿಟ್ಟು ಹೀಟರ್ ಬಿಸಿಗಿಟ್ಟು ಐಡಲ್‌ನಲ್ಲಿ ಬಿಡಿ, ಗುಳ್ಳೆ ನಿಂತು, ಫ್ಯಾನ್ ಎರಡು ಸಲ ಹತ್ತಿ ಆರುವವರೆಗೆ. ಈ ಹೊತ್ತಿನಲ್ಲಿ ಮುಖ ಹತ್ತಿರ ಒಯ್ಯಬೇಡಿ, ಮಟ್ಟ ಇಳಿದಂತೆ ಸೇರಿಸಿ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಕ್ಯಾಪ್ ತೆಗೆದು ಬಾಯಿವರೆಗೆ ಇದೆಯೇ ನೋಡಿ.

ಹಳೆಯ ಕೂಲೆಂಟ್ ಅನ್ನು ಚರಂಡಿಗೋ ಹಿತ್ತಲಿಗೋ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ, ದನ, ಮಕ್ಕಳು ನೆಕ್ಕಿದರೆ ಕಿಡ್ನಿ ಹೋಗಿ ಸಾಯಬಹುದು. ಬಿಗಿ ಮುಚ್ಚಳದ ಕ್ಯಾನ್‌ಗೆ ತುಂಬಿ, ಮೇಲೆ "ವಿಷ" ಎಂದು ಬರೆದು, ಹಳೆಯ ಆಯಿಲ್ ಒಯ್ಯುವವರಿಗೆ ಬೇರೆಯಾಗಿ ಕೊಡಿ.