ಆರು ಕ್ರೆಡಿಟ್ಟಿಗೊಬ್ಬ ಪೂರ್ವಜ: ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಬಳಸಿ ನೋಡಿದೆ

ಬೆಟಗೇರಿಯಲ್ಲಿ ನಮ್ಮ ಓಣಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತೇ ಮನೆತನದ ಹೆಸರು ಹಿಡಿದು ತಲೆಮಾರುಗಳನ್ನು ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಜೋಳ ಕಟ್ಟಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ನಮ್ಮ ಬಾಗಿಲ ಮುಂದೆ ಮಾತ್ರ ಆ ಎತ್ತು ನಿಲ್ಲುತ್ತಿರಲಿಲ್ಲ. ನಾವು ಕ್ರೈಸ್ತರು, ಅವರ ಪುಸ್ತಕದಲ್ಲಿ ನಮಗೆ ಪುಟವಿರಲಿಲ್ಲ. ಅಜ್ಜಿಯ ಬೆಕ್ಕಿನ ಕಣ್ಣು ನೋಡಿ, 'ಇವರ ಹೆಳವ ವಿಲಾಯತಿಯಲ್ಲಿದ್ದಾನೆ' ಎಂದು ಎದುರುಮನೆಯವರು ನಗೆಯಾಡುತ್ತಿದ್ದರು. ಆ ಹೆಳವ ನನಗೆ ಸಿಕ್ಕಿದ್ದು ಡೊಂಬಿವಲಿಯಲ್ಲಿ, ಮಗನ ಲ್ಯಾಪ್‌ಟಾಪಿನೊಳಗೆ. ಹೆಸರು ಸ್ಕಾಟ್‌ಲ್ಯಾಂಡ್ಸ್‌ಪೀಪಲ್, ಸ್ಕಾಟ್‌ಲ್ಯಾಂಡಿನವರ ಹುಟ್ಟು, ಮದುವೆ, ಸಾವುಗಳ ದಾಖಲೆ ತೋರಿಸುವ ಅಂತರ್ಜಾಲ ತಾಣ. ಇವನು ಜೋಳ ಒಲ್ಲ, ಪೌಂಡ್ ಕೇಳುತ್ತಾನೆ.

ಮುಂಬಯಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಅಂಕ ಕೊಡುವ ಚಟ ಇನ್ನೂ ಹೋಗಿಲ್ಲ, ಆದ್ದರಿಂದ ಮೊದಲೇ ಕೊಟ್ಟುಬಿಡುತ್ತೇನೆ: ಐದಕ್ಕೆ ನಾಲ್ಕು.

ಇದಕ್ಕೂ ಮುಂಚೆ ನಡೆದ ಒಂದು ಮೂರ್ಖತನವನ್ನು ಹೇಳಿಬಿಡುವುದು ಒಳ್ಳೆಯದು. ನನ್ನ ಆಸಕ್ತಿ ತಿಳಿದ ಮಗ, ಹುಟ್ಟುಹಬ್ಬಕ್ಕೆಂದು ಇನ್ನಾವುದೋ ಅಂತರ್ಜಾಲ ಅಂಗಡಿಯಿಂದ ನಾಲ್ಕು ಸಾವಿರ ರೂಪಾಯಿ ಕೊಟ್ಟು 'ನಿಮ್ಮ ವಂಶದ ಲಾಂಛನ' ತರಿಸಿದ. ಮರದ ಹಲಗೆ, ಅದರ ಮೇಲೊಂದು ಸಿಂಹ, ಕೆಳಗೆ ಲ್ಯಾಟಿನ್ ಮಾತು. ಸ್ಕಾಟ್‌ಲ್ಯಾಂಡಿನ ಕಾನೂನಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಸೇರಿದ್ದು, ಅಡ್ಡಹೆಸರಿಗೆ, ಅಂದರೆ ಮನೆತನದ ಹೆಸರಿಗೆ, ಅಲ್ಲ. ಅದನ್ನು ನೋಡಿಕೊಳ್ಳಲು ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿಯ ನ್ಯಾಯಾಲಯವೇ ಇದೆ. ನಮ್ಮ ಮುತ್ತಜ್ಜ, ಅಂದರೆ ಅಜ್ಜಿಯ ತಂದೆ, ಸ್ಕಾಟ್‌ಲ್ಯಾಂಡಿನಿಂದ ಬಂದು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಅವನಿಗೆಲ್ಲಿಯ ಸಿಂಹ? ಹಲಗೆ ಈಗ ಅಡುಗೆಮನೆಯಲ್ಲಿದೆ, ಅದರ ಮೇಲೆ ಬಿಸಿ ಪಾತ್ರೆ ಇಡುತ್ತೇನೆ.

ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಅಂಥ ಅಂಗಡಿಯಲ್ಲ. ಅಲ್ಲಿನ ರಾಷ್ಟ್ರೀಯ ದಾಖಲೆಗಳ ಇಲಾಖೆಯೇ ನಡೆಸುವ ಸರಕಾರಿ ತಾಣ. ಹೆಸರು ನೋಂದಾಯಿಸಿ ಸೂಚಿಯಲ್ಲಿ ಹುಡುಕುವುದು ಉಚಿತ. ಮೂಲ ಪುಟದ ಚಿತ್ರ ತೆರೆಯಬೇಕಾದರೆ ಕ್ರೆಡಿಟ್ ತೆರಬೇಕು. ನಾನು ಕೊಂಡಾಗ 30 ಕ್ರೆಡಿಟ್‌ಗೆ 7.50 ಪೌಂಡ್, ಅಂದರೆ ಸುಮಾರು ಎಂಟುನೂರು ರೂಪಾಯಿ. ಜನನ, ಮದುವೆ, ಮರಣ, ಜನಗಣತಿ, ಯಾವುದೇ ಇರಲಿ, ಪುಟವೊಂದಕ್ಕೆ ಆರು ಕ್ರೆಡಿಟ್. ಹಣ ಕಟ್ಟುವ ಮೊದಲು ಬ್ಯಾಂಕಿನವರಿಗೆ ಹೇಳಿ ಕಾರ್ಡಿಗೆ ವಿದೇಶಿ ಪಾವತಿಯ ಅನುಮತಿ ಪಡೆದುಕೊಳ್ಳಿ.

ಮೊದಲ ಮೂವತ್ತು ಕ್ರೆಡಿಟ್ಟನ್ನು ಒಂದೇ ಸಂಜೆ ನೀರು ಮಾಡಿದೆ. ತಪ್ಪು ಪೂರ್ತಿ ನನ್ನದು. ಮುತ್ತಜ್ಜನ ಹೆಸರಿನ ಕೂಸುಗಳು ಗ್ಲಾಸ್ಗೋದಲ್ಲಿ ಸಾಲುಗಟ್ಟಿ ಹುಟ್ಟಿದ್ದವು. ಐದನ್ನು ತೆರೆದೆ, ಐದೂ ಬೇರೆಯವರ ಮನೆಯವು. ಅಲ್ಲಿ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರು ಇಡುವ ರೂಢಿಯಿತ್ತು. ನಮ್ಮಲ್ಲಿಯೂ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತೇವಲ್ಲ, ಹಾಗೆ. ಒಂದೇ ಓಣಿಯಲ್ಲಿ ಹತ್ತು ಬಸಪ್ಪಂದಿರು ಇದ್ದಂತೆ ಅಲ್ಲಿ ಹತ್ತು ಜಾನ್‌ಗಳು. ಅದರ ಮೇಲೆ 'ಮೆಕ್' ಎಂದು ಶುರುವಾಗುವ ಅಡ್ಡಹೆಸರಾದರೆ ಒಬ್ಬ ಗುಮಾಸ್ತ ಒಂದು ಬಗೆ, ಇನ್ನೊಬ್ಬ ಇನ್ನೊಂದು ಬಗೆ ಬರೆದಿರುತ್ತಾನೆ. ಉಚ್ಚಾರ ಹೋಲುವ ಹೆಸರುಗಳನ್ನೂ ತೋರಿಸುವ ಆಯ್ಕೆಯಿದೆ, ಅದನ್ನು ಒತ್ತಲು ಮರೆಯಬೇಡಿ.

ಆಮೇಲೆ ಬುದ್ಧಿ ಬಂತು. ಹುಡುಕಾಟವನ್ನು ಸ್ಕಾಟ್‌ಲ್ಯಾಂಡಿನಿಂದ ಅಲ್ಲ, ಹುಬ್ಬಳ್ಳಿಯಿಂದ ಶುರುಮಾಡಬೇಕಿತ್ತು. ಧಾರವಾಡ ಜಿಲ್ಲೆ ಅಂದು ಮುಂಬಯಿ ಪ್ರಾಂತ್ಯದಲ್ಲಿತ್ತು. ಪ್ರಾಂತ್ಯದ ಚರ್ಚುಗಳ ಜ್ಞಾನಸ್ನಾನ, ಮದುವೆ, ಸಮಾಧಿಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/3 ಎಂಬ ಸರಣಿಯಲ್ಲಿವೆ. ನಿಮ್ಮವರು ಬಳ್ಳಾರಿಯಲ್ಲಿಯೋ ಬೆಂಗಳೂರಿನ ದಂಡು ಪ್ರದೇಶದಲ್ಲಿಯೋ ಇದ್ದರೆ ಮದರಾಸಿನ ಎನ್/2 ನೋಡಬೇಕು. ಬ್ರಿಟಿಷ್ ಭಾರತದಲ್ಲಿದ್ದ ಕುಟುಂಬಗಳ ಚರಿತ್ರೆ ಹುಡುಕುವವರ ಫಿಬಿಸ್ ಎಂಬ ಸಂಘದ ಉಚಿತ ಸೂಚಿಯಲ್ಲಿ ಮೊದಲು ಹುಡುಕಿ, ಪುಟದ ಚಿತ್ರವನ್ನು ಫೈಂಡ್‌ಮೈಪಾಸ್ಟ್ ಎಂಬ ವಂಶಾವಳಿ ತಾಣದಲ್ಲಿ ಒಂದು ತಿಂಗಳ ಚಂದಾ ಕಟ್ಟಿ ನೋಡಿದೆ. 1910ರ ಸಮಾಧಿ, ವಯಸ್ಸು 42, ಕಸುಬು ಫಿಟ್ಟರ್. ಹುಟ್ಟಿದ ವರ್ಷದ ಅಂದಾಜು ಸಿಕ್ಕಿತು. ಅಜ್ಜಿಯ ಟ್ರಂಕಿನಲ್ಲಿ ಅವನ ತಂಗಿ ಬರೆದ ಒಂದು ಕಾಗದವಿತ್ತು, ಮೇಲೆ ಸ್ಪ್ರಿಂಗ್‌ಬರ್ನ್ ಎಂಬ ವಿಳಾಸ. ಇಷ್ಟು ಕೈಯಲ್ಲಿ ಹಿಡಿದು ಮರಳಿ ಹೋದರೆ ಹೆಳವ ಬೇರೆಯದೇ ಮನುಷ್ಯ.

ಸ್ಪ್ರಿಂಗ್‌ಬರ್ನ್ ಎಂದರೆ ಗ್ಲಾಸ್ಗೋದ ಉತ್ತರ ಭಾಗದಲ್ಲಿ ರೈಲು ಎಂಜಿನ್ ಕಟ್ಟುತ್ತಿದ್ದ ಕಾರ್ಖಾನೆಗಳ ಊರು. ಅಲ್ಲಿ ಕೈಪಳಗಿದ ಹುಡುಗ, 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಗೆ ಬಂದದ್ದರಲ್ಲಿ ಅಚ್ಚರಿಯೇನಿಲ್ಲ. 1881ರ ಜನಗಣತಿಯಲ್ಲಿ ವಯಸ್ಸು ಮತ್ತು ಊರು ಹಾಕಿ ಜರಡಿ ಹಿಡಿದಾಗ ಉಳಿದದ್ದು ಎರಡೇ ಮನೆ. ಎರಡನೆಯದರಲ್ಲಿ ತಂಗಿಯ ಹೆಸರೂ ಇತ್ತು. ಸ್ಕಾಟ್‌ಲ್ಯಾಂಡಿನ ಜನಗಣತಿಯಲ್ಲಿ 1861ರಿಂದ ಒಂದು ಕಾಲಮ್ಮಿದೆ: ಕಿಟಕಿಯಿರುವ ಕೋಣೆಗಳು ಎಷ್ಟು? ಮುತ್ತಜ್ಜನ ಮನೆಯಲ್ಲಿ ಎಂಟು ಜನ, ಕಿಟಕಿಯ ಕೋಣೆ ಒಂದು. ನಾನು ಮದುವೆಯಾಗಿ ಬಂದು ಹನ್ನೊಂದು ವರ್ಷ ಇದ್ದದ್ದು ಪರಳದ ಚಾಳಿನ ಖೋಲಿಯಲ್ಲಿ, ಏಳು ಜನರ ನಡುವೆ. ಮುಖ ಕಾಣದ ಆ ಮನುಷ್ಯನ ಮೇಲೆ ನನಗೆ ಮೊದಲ ಬಾರಿ ಅಕ್ಕರೆ ಮೂಡಿದ್ದು ಆ ಅಂಕಿ ನೋಡಿದಾಗ.

ಈ ತಾಣದ ನಿಜವಾದ ಸಂಪತ್ತು ಇರುವುದು 1855ರ ಜನವರಿಯಿಂದ ಶುರುವಾದ ಸರಕಾರಿ ರಿಜಿಸ್ಟರ್‌ಗಳಲ್ಲಿ. ಜನನದ ಪುಟದಲ್ಲಿ ತಾಯಿಯ ತವರಿನ ಅಡ್ಡಹೆಸರು ಇರುತ್ತದೆ. 1861ರಿಂದ ಆಚೆಗೆ ತಂದೆತಾಯಿಯ ಮದುವೆ ಎಲ್ಲಿ, ಯಾವಾಗ ಎಂಬುದೂ. ಆ ಮದುವೆಯ ಪುಟ ತೆರೆದರೆ ಇಬ್ಬರ ತಂದೆತಾಯಿಗಳು, ಮತ್ತೆ ಆ ತಾಯಂದಿರ ತವರು. ಮರಣದ ಪುಟದಲ್ಲಿಯೂ ಸತ್ತವರ ತಾಯಿ ಯಾವ ಮನೆಯವಳು ಎಂದು ಬರೆದಿರುತ್ತಾರೆ. 'ಎಂ.ಎಸ್.' ಎಂಬ ಎರಡಕ್ಷರ ಕಂಡರೆ ಅದರ ಮುಂದಿರುವುದು ತವರಿನ ಹೆಸರು. ಒಬ್ಬ ಮುದುಕಿ ಗಿರಣಿ ಕೂಲಿ, ಸಹಿ ಬಾರದೆ ಗುಣಿಸು ಚಿಹ್ನೆ ಹಾಕಿದ್ದಾಳೆ, ನಮ್ಮಲ್ಲಿ ಹೆಬ್ಬೆಟ್ಟು ಒತ್ತುವಂತೆ. ಆದರೆ ಅವಳ ತವರಿನ ಹೆಸರು ಮಾತ್ರ ಸರಕಾರದ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಕುಳಿತಿದೆ. ಹೀಗೆ ಮೆಟ್ಟಿಲು ಹತ್ತುತ್ತ ಆರ್ಗೈಲ್ ಎಂಬ ಪಶ್ಚಿಮದ ಬೆಟ್ಟಸೀಮೆಯವರೆಗೆ ಹೋದೆ. 1855ಕ್ಕಿಂತ ಹಿಂದಿನದಕ್ಕೆ ಚರ್ಚ್ ಆಫ್ ಸ್ಕಾಟ್‌ಲ್ಯಾಂಡಿನ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಸೀಮೆ) ಪುಸ್ತಕಗಳೇ ಗತಿ. ಅತ್ಯಂತ ಹಳೆಯದು 1553ರದಂತೆ, ಆದರೆ ನನ್ನವರ ಪ್ಯಾರಿಷ್ಷಿನಲ್ಲಿ ತೂತುಗಳೇ ಹೆಚ್ಚು. ಅಲ್ಲಿಗೆ ಕೈಬಿಟ್ಟೆ.

ಒಂದು ಅಂಕ ಕಡಿಮೆ ಮಾಡಿದ್ದು ಪುಟಕ್ಕಿಷ್ಟು ಎಂಬ ಲೆಕ್ಕಕ್ಕಾಗಿ. ತಿಂಗಳ ಚಂದಾ ಇಲ್ಲ. ಪಿಂಚಣಿದಾರರು ಪ್ರತಿ ಸಲ ಗುಂಡಿ ಒತ್ತುವಾಗಲೂ ಉಸಿರು ಹಿಡಿಯಬೇಕು.

ಬದುಕಿರುವ ನೆಂಟರನ್ನು ಈ ತಾಣ ಕೊಡುವುದಿಲ್ಲ. ಜನನಕ್ಕೆ 100, ಮದುವೆಗೆ 75, ಮರಣಕ್ಕೆ 50 ವರ್ಷ ಕಳೆಯದೆ ಪುಟದ ಚಿತ್ರ ತೆರೆಯದು. ಅದು ಸರಿಯೇ. 1921ರ ಜನಗಣತಿಯಲ್ಲಿ ತಂಗಿಯ ಗಂಡನ ಮನೆಯ ಹೆಸರು ಸಿಕ್ಕಿದ ಮೇಲೆ, ಗ್ಲಾಸ್ಗೋದ ವಂಶಾವಳಿ ಆಸಕ್ತರ ಸಂಘವೊಂದಕ್ಕೆ ಬರೆದೆ. ಏಳು ವಾರಕ್ಕೆ ಒಬ್ಬರ ಉತ್ತರ ಬಂತು: ಆ ತಂಗಿಯ ಮಗಳ ಮೊಮ್ಮಗಳು. ಎಪ್ಪತ್ತು ದಾಟಿದ ಹೆಂಗಸು. ತಾನು ನನಗೆ 'ಥರ್ಡ್ ಕಸಿನ್' ಎಂದು ಬರೆದಿದ್ದಳು. ಇದೆಂಥ ವರಸೆ, ಗಂಡೋ ಹೆಣ್ಣೋ ಹಿರಿಯರೋ ಕಿರಿಯರೋ ತಿಳಿಯದ್ದು! ಹುಬ್ಬಳ್ಳಿಯ ಸೋದರತ್ತೆಗೆ ಫೋನ್ ಮಾಡಿದೆ.

ನಾನು ಹೇಳಿದ್ದನ್ನು ಕೇಳಿ ಅತ್ತೆ, 'ಮಗಳ ಮೊಮ್ಮಗಳೋ, ಮಗಳ ಮಗಳ ಮಗಳೋ, ಸರಿಯಾಗಿ ಹೇಳು' ಎಂದಳು. ಎರಡೂ ಒಂದೇ ಎಂದೆ. 'ಒಂದೇ ಅಲ್ಲ, ಮಗನ ಮಗಳಾದರೆ ಲೆಕ್ಕ ಬೇರೆ.' ಮಗಳ ಮಗಳ ಮಗಳೇ ಎಂದು ಖಾತ್ರಿಪಡಿಸಿದೆ. 'ಅಣ್ಣನ ಮಗಳು ನಮ್ಮವ್ವ, ತಂಗಿಯ ಮಗಳು ಅವಳ ಅಜ್ಜಿ. ಅತ್ತಿಗೆ ನಾದಿನಿ ಆದರು. ಅವರ ಮಕ್ಕಳಲ್ಲಿ ನಿಮ್ಮಪ್ಪ ಗಂಡು, ಅವಳ ತಾಯಿ ಹೆಣ್ಣು, ಕೊಟ್ಟು ತರುವ ಸಂಬಂಧ. ಅಂದ ಮೇಲೆ ಅವಳು ನಿನಗೆ ಅಕ್ಕ.' ಎಂಬತ್ತೆಂಟರ ಮುದುಕಿ ಇಷ್ಟಕ್ಕೆ ತೆಗೆದುಕೊಂಡದ್ದು ಅರ್ಧ ನಿಮಿಷ, ಕ್ರೆಡಿಟ್ ಶೂನ್ಯ.

ಅಕ್ಕ ಎಂದೇ ಕರೆಯುತ್ತೇನೆ. ಅವಳಿಗೂ ಆ ಮಾತು ಹಿಡಿಸಿದೆ. ಕಳೆದ ತಿಂಗಳು ಅವಳು ತನ್ನ ಮೇಜಿನ ಖಾನೆಯಲ್ಲಿದ್ದ ಒಂದು ಫೋಟೋ ಕಳಿಸಿದಳು. ಕುರ್ಚಿಯಲ್ಲಿ ಮೀಸೆಯ ಮನುಷ್ಯ, ಪಕ್ಕದಲ್ಲಿ ಇಳಕಲ್ ಸೀರೆಯುಟ್ಟು ನಿಂತ ಹೆಂಗಸು, ಕಂಕುಳಲ್ಲಿ ಕೂಸು. ನಮ್ಮ ಮನೆಯಲ್ಲಿ ಯಾರೂ ನೋಡಿರದ ಮುತ್ತಜ್ಜಿ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಅವನ ಹೆಸರು, 'ಹೆಂಡತಿ, ಮಗು, ಹುಬ್ಬಳ್ಳಿ' ಎಂದಷ್ಟೇ. ಅಜ್ಜಿಯ ಜ್ಞಾನಸ್ನಾನದ ಪುಟದಲ್ಲಿ ತಾಯಿಯ ಹೆಸರು ಮೇರಿ. ಅದು ಪಾದ್ರಿಗಳು ಇಟ್ಟದ್ದು. ಮುಂದೆ ಗಂಡನ ಅಡ್ಡಹೆಸರು.

'ಅವಳ ಎಂ.ಎಸ್. ಏನು?' ಎಂದು ಅಕ್ಕ ಕೇಳಿದ್ದಾಳೆ. ಅವಳು ಬಿಡಿಸುತ್ತಿರುವ ವಂಶವೃಕ್ಷದಲ್ಲಿ ಅದೊಂದೇ ಚೌಕ ಖಾಲಿ. ಖಾತೆಯಲ್ಲಿ ಹನ್ನೆರಡು ಕ್ರೆಡಿಟ್ ಉಳಿದಿದೆ, ಎರಡು ವರ್ಷ ಕೆಡುವುದಿಲ್ಲ, ಆದರೆ ಇದಕ್ಕೆ ಅವು ಬಾರವು. ಡಿಸೆಂಬರಿನಲ್ಲಿ ಹುಬ್ಬಳ್ಳಿಗೆ ಹೋಗುತ್ತೇನೆ. ಚರ್ಚಿನ ಹಳೆಯ ಪುಸ್ತಕಗಳ ಕಪಾಟಿನ ಬೀಗದ ಕೈ ಹುಡುಕಿಡುವುದಾಗಿ ಪಾದ್ರಿಗಳು ಹೇಳಿದ್ದಾರೆ. ದೂಳಿಗೆ ಮುಖಕ್ಕೆ ಕಟ್ಟಿಕೊಳ್ಳಲು ಬಟ್ಟೆ ತನ್ನಿರಿ ಎಂದೂ ಹೇಳಿದ್ದಾರೆ.