ಫ್ಯಾಬ್‌ಫಿಲ್ಟರ್ ಪ್ರೊ-ಡಿಎಸ್: ಸಕಾರದ ಮೊನೆ ಮುರಿಯಲಿ, ಉಚ್ಚಾರ ಉಳಿಯಲಿ

ಹಾಡಿನ ಟ್ರ್ಯಾಕಿಗೆ ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಹಾಕಿ, 10 ಕಿಲೋಹರ್ಟ್ಸ್‌ ಮೇಲೆ ಸ್ವಲ್ಪ ಹೊಳಪು ಏರಿಸಿದ ಕೂಡಲೇ ಅಲ್ಲಿಯವರೆಗೆ ಸುಮ್ಮನಿದ್ದ ಸ, ಶ, ಚಗಳು ಕಿವಿಗೆ ಚುಚ್ಚತೊಡಗುತ್ತವೆ. ಹಾಡಿದವರ ತಪ್ಪೇ ಆಗಿರಬೇಕೆಂದಿಲ್ಲ. ಕಂಪ್ರೆಸರ್ ಗಟ್ಟಿಯಾದ ಸ್ವರಾಕ್ಷರಗಳನ್ನು ತಗ್ಗಿಸುತ್ತದೆ, ಮಟ್ಟ ಕಡಿಮೆಯಿರುವ ‘ಸ್’ ಥ್ರೆಶೋಲ್ಡಿನ (ಕೆಲಸ ಶುರುವಾಗುವ ಮಟ್ಟದ) ಕೆಳಗೇ ನುಸುಳಿಕೊಳ್ಳುತ್ತದೆ, ಆಮೇಲೆ ತಗ್ಗಿದ್ದನ್ನು ತುಂಬಿಕೊಡುವ ಮೇಕಪ್ ಗೇನ್ ಎರಡನ್ನೂ ಒಟ್ಟಿಗೆ ಎತ್ತುತ್ತದೆ. ಇದನ್ನು ಇಕ್ಯೂನಿಂದ (ಈಕ್ವಲೈಜರಿನಿಂದ) ಕಡಿಯಲು ಹೋದರೆ ‘ಸ’ ಇಲ್ಲದ ಕಡೆಯೂ ದನಿ ಮಂಕಾಗುತ್ತದೆ. ‘ಸ’ ಬಂದಾಗ ಮಾತ್ರ ಇಳಿಸುವ ಡಿ-ಎಸ್ಸರ್ ಬೇಕಾಗುವುದು ಅದಕ್ಕೇ. ಈ ಕೆಲಸಕ್ಕೆಂದೇ ಮಾಡಿದ, ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಪ್ಲಗಿನ್‌ಗಳಲ್ಲಿ ಪ್ರೊ-ಡಿಎಸ್ ಒಂದು.

ಇದರ ನಿಜವಾದ ಬಲ ಗುರುತಿಸುವಿಕೆಯಲ್ಲಿದೆ. ಹಳೆಯ ಮಾದರಿಯ ಡಿ-ಎಸ್ಸರ್‌ಗಳು ಒಂದು ಬ್ಯಾಂಡಿನ ಮಟ್ಟವನ್ನಷ್ಟೇ ಅಳೆಯುತ್ತವೆ. ಹಾಗಾಗಿ ತಾರಸ್ಥಾಯಿಯಲ್ಲಿ ಎಳೆದ ‘ಈ’ಕಾರವೂ ಸಿಕ್ಕಿಬಿದ್ದು ದನಿ ಕುಸಿಯುತ್ತದೆ. ಪ್ರೊ-ಡಿಎಸ್‌ನ ‘ಸಿಂಗಲ್ ವೋಕಲ್’ ಮೋಡ್ ಒಂಟಿ ದನಿಯಲ್ಲಿ ಸಕಾರವನ್ನು ಸ್ವರದಿಂದ ಬೇರ್ಪಡಿಸುವುದರಲ್ಲಿ ತುಂಬ ಚೆನ್ನಾಗಿದೆ. ‘ಆಲ್‌ರೌಂಡ್’ ಮೋಡ್ ಇರುವುದು ಡ್ರಮ್ಸ್ ಅಥವಾ ಪೂರ್ತಿ ಮಿಕ್ಸಿನ ಎತ್ತರದ ಶಬ್ದಗಳನ್ನು ಹಿಡಿಯಲು. ದನಿಯ ಟ್ರ್ಯಾಕಿಗೆ ಅದನ್ನು ಹಚ್ಚಬೇಡಿ.

ಹೊಂದಿಸುವ ಕ್ರಮ ಹೀಗಿರಲಿ. ಸಕಾರ ಹೆಚ್ಚಿರುವ ಒಂದು ಸಾಲನ್ನು ಲೂಪಿಗೆ ಹಾಕಿ, ಸಕಾರವನ್ನು ಯಾವ ಕಂಪನಗಳಲ್ಲಿ ಹುಡುಕಬೇಕೆಂದು ಹೇಳುವ ಡಿಟೆಕ್ಷನ್ ಫಿಲ್ಟರಿನ ಹೈಪಾಸ್ (ಕೆಳಗಿನ ಮಿತಿ) ಮತ್ತು ಲೋಪಾಸ್ (ಮೇಲಿನ ಮಿತಿ) ಎರಡನ್ನೂ ಸರಿಸುತ್ತ ಕೇಳಿ. ಸಾಮಾನ್ಯವಾಗಿ ‘ಸ’ದ ಶಕ್ತಿ 5ರಿಂದ 10 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ‘ಶ’ದ್ದು ಅದಕ್ಕಿಂತ ಕೆಳಗೆ 3ರಿಂದ 6ರ ನಡುವೆ ಇರುತ್ತದೆ. ಗಂಡುದನಿಯಲ್ಲಿ ತುಸು ಕೆಳಗೆ, ಹೆಣ್ಣುದನಿಯಲ್ಲಿ ತುಸು ಮೇಲೆ. ಆಮೇಲೆ ರೇಂಜ್ ಅನ್ನು, ಅಂದರೆ ಹೆಚ್ಚೆಂದರೆ ಎಷ್ಟು ಇಳಿಸಬಹುದೆಂಬ ಮಿತಿಯನ್ನು, ಬೇಕೆಂದೇ ಅತಿಯಾಗಿ, 15 ಡಿಬಿವರೆಗೆ (ಡೆಸಿಬೆಲ್) ತೆರೆದಿಟ್ಟು, ಪ್ಲಗಿನ್ ಏನನ್ನು ಹಿಡಿಯುತ್ತಿದೆ ಎಂಬುದನ್ನಷ್ಟೇ ಕೇಳಿಸುವ ಆಡಿಷನ್ ಒತ್ತಿ, ಥ್ರೆಶೋಲ್ಡ್ ಇಳಿಸುತ್ತ ಬನ್ನಿ. ಬರೀ ಸ್, ಶ್, ಚ್ ಕೇಳಿಸಬೇಕು. ಸ್ವರದ ಬಾಲ ಸೇರಿಕೊಂಡರೆ ಇಳಿಸಿದ್ದು ಹೆಚ್ಚಾಯಿತು. ತೆರೆಯ ಮೇಲೆ ಓಡುವ ಅಲೆಯಲ್ಲೂ ಹಿಡಿದ ಭಾಗ ಬೇರೆ ಬಣ್ಣದಲ್ಲಿ ಕಾಣುತ್ತದೆ, ಆದರೆ ತೀರ್ಪು ಕಿವಿಯದ್ದೇ ಆಗಲಿ. ಕೊನೆಗೆ ರೇಂಜ್ ಅನ್ನು 4ರಿಂದ 6 ಡಿಬಿಗೆ ತನ್ನಿ.

ಹೆಚ್ಚಿನವರು ಕೆಡಿಸುವುದು ಈ ಕೊನೆಯ ಹೆಜ್ಜೆಯನ್ನೇ. ಟ್ರ್ಯಾಕನ್ನು ಸೋಲೋ ಮಾಡಿಕೊಂಡು, ಅದೊಂದನ್ನೇ ಕೇಳುವಾಗ 10 ಡಿಬಿ ಇಳಿಸಿದರೂ ಹಿತವೆನಿಸುತ್ತದೆ. ಮಿಕ್ಸಿನ ನಡುವೆ ಅದೇ ದನಿ ‘ಸಸಿ’ ಎಂಬುದನ್ನು ‘ಥಥಿ’ ಎಂದಂತೆ ತೊದಲುತ್ತದೆ, ಪದದ ಅಂಚು ಅಳಿಸಿಹೋಗುತ್ತದೆ. ರೇಂಜ್ ನಿರ್ಧರಿಸುವಾಗ ಎಲ್ಲ ವಾದ್ಯಗಳೂ ನುಡಿಯುತ್ತಿರಲಿ, ಪ್ಲಗಿನ್ನನ್ನು ಪಕ್ಕಕ್ಕಿಡುವ ಬೈಪಾಸ್ ಒತ್ತಿ ಬಿಟ್ಟು ಹೋಲಿಸಿ. ಒಂದೆರಡು ಸಕಾರಗಳು ಮಾತ್ರ ವಿಪರೀತವಾಗಿದ್ದರೆ ಅವುಗಳಿಗಾಗಿ ರೇಂಜ್ ಏರಿಸಬೇಡಿ. ಆ ತುಣುಕುಗಳನ್ನು ಕತ್ತರಿಸಿ ಕ್ಲಿಪ್ ಗೇನ್‌ನಲ್ಲಿ 3–6 ಡಿಬಿ ತಗ್ಗಿಸಿ, ಎರಡೂ ತುದಿಗೆ ಚಿಕ್ಕ ಫೇಡ್ ಕೊಟ್ಟು, ಉಳಿದದ್ದನ್ನು ಪ್ಲಗಿನ್‌ಗೆ ಬಿಡಿ. ಬೇಸರದ ಕೆಲಸ ನಿಜ, ಆದರೆ ಇದಕ್ಕಿಂತ ಸಹಜವಾದ ಫಲ ಯಾವ ಡಿ-ಎಸ್ಸರಿನಿಂದಲೂ ಬರುವುದಿಲ್ಲ.

ವೈಡ್ ಬ್ಯಾಂಡೋ ಸ್ಪ್ಲಿಟ್ ಬ್ಯಾಂಡೋ? ಎತ್ತರದ ಭಾಗವನ್ನಷ್ಟೇ ಇಳಿಸುವ ಸ್ಪ್ಲಿಟ್ಟೇ ನಾಜೂಕು ಎಂದು ತೋರುವುದು ಸಹಜ. ಆದರೆ ಒಂಟಿ ದನಿಗೆ, ಇಡೀ ದನಿಯನ್ನೇ ಇಳಿಸುವ ವೈಡ್ ಒಳ್ಳೆಯದು. ‘ಸ’ ನುಡಿಯುವ ಕ್ಷಣದಲ್ಲಿ ಕೆಳಗಿನ ಕಂಪನಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಇಡೀ ದನಿ ತಗ್ಗಿದರೂ ಕಳೆದುಹೋಗುವಂಥದ್ದು ಇಲ್ಲ, ‘ಸ’ದ ಬಣ್ಣ ಉಳಿದು ಬರೀ ಗಟ್ಟಿತನ ಇಳಿಯುತ್ತದೆ. ಸ್ಪ್ಲಿಟ್‌ನಲ್ಲಿ ಮೇಲಿನ ಅಂಚಷ್ಟೇ ಹೋಗಿ ‘ಸ’ ಮಬ್ಬಾಗುವ ಅಪಾಯ ಹೆಚ್ಚು. ದನಿಯ ಮೈಕಿಗೆ ತಬಲಾ, ಗಿಟಾರ್ ಸೋರಿರುವ ನೇರ ಧ್ವನಿಮುದ್ರಣಗಳಲ್ಲಿ ಅಥವಾ ಆಗಲೇ ಮಿಕ್ಸ್ ಆಗಿರುವ ಟ್ರ್ಯಾಕಿನಲ್ಲಿ ಸ್ಪ್ಲಿಟ್ ಬೇಕೇ ಬೇಕು. ಅಲ್ಲಿ ವೈಡ್ ಹಾಕಿದರೆ ಪ್ರತಿ ‘ಸ’ಕ್ಕೂ ಹಿನ್ನೆಲೆ ಕುಗ್ಗುವುದು ಕೇಳಿಸುತ್ತದೆ.

ಲುಕ್‌ಅಹೆಡ್ 15 ಮಿಲಿಸೆಕೆಂಡಿನವರೆಗೆ ಸಿಗುತ್ತದೆ; ದನಿಯನ್ನು ಅಷ್ಟು ತಡಮಾಡಿ, ಬರಲಿರುವ ಸಕಾರವನ್ನು ಮೊದಲೇ ನೋಡಿಕೊಳ್ಳುವ ಸೌಲಭ್ಯ ಇದು. ಸೊನ್ನೆಯಲ್ಲಿಟ್ಟರೆ ಸಕಾರದ ಮೊದಲ ಚೂರು ತಪ್ಪಿಸಿಕೊಂಡು ‘ಟ್ಸ್’ ಎಂಬ ಚಿಟಿಕೆಯಂತೆ ಉಳಿದೀತು. ಮಿಕ್ಸ್ ಮಾಡುವಾಗ ಧಾರಾಳವಾಗಿ ಇಡಬಹುದು. ಹಾಡುವವರು ಹೆಡ್‌ಫೋನಿನಲ್ಲಿ ತಮ್ಮ ದನಿ ಕೇಳಿಕೊಳ್ಳುತ್ತಿರುವಾಗ ಆ ವಿಳಂಬ ಕಾಡುತ್ತದೆ, ಆಗ ಆಫ್ ಮಾಡಿ.

ಕೊರತೆಗಳೂ ಇವೆ. ಅಟ್ಯಾಕ್, ರಿಲೀಸ್ (ಎಷ್ಟು ಬೇಗ ಇಳಿಸಬೇಕು, ಎಷ್ಟು ಬೇಗ ಬಿಡಬೇಕು ಎಂಬುದು) ನಮ್ಮ ಕೈಗೆ ಸಿಗುವುದಿಲ್ಲ. ಬಹುಪಾಲು ಸಂದರ್ಭದಲ್ಲಿ ಅದರ ಆಯ್ಕೆಯೇ ಸರಿಯಿದ್ದರೂ, ವೇಗದ ರ‍್ಯಾಪ್‌ನಂಥ ಕಡೆ ಬಿಡುಗಡೆಯ ವೇಗವನ್ನು ತಿದ್ದಲು ಮನಸ್ಸಾಗುತ್ತದೆ. ಡಿಟೆಕ್ಷನ್ ಬ್ಯಾಂಡ್ ಒಂದೇ ಆದ್ದರಿಂದ 4 ಕಿಲೋಹರ್ಟ್ಸ್‌ನ ‘ಶ’ ಮತ್ತು 8ರ ‘ಸ’ ಎರಡಕ್ಕೂ ಬೇರೆಬೇರೆ ಅಳತೆ ಬೇಕಿದ್ದರೆ ಎರಡು ಪ್ರತಿ ಹಾಕಿ, ಪ್ರತಿಯೊಂದಕ್ಕೂ 3 ಡಿಬಿ ಹಂಚಬೇಕು. ಹಲ್ಲಿನ ಸಂದಿಯಿಂದ ಬರುವ ಸಣ್ಣ ಸಿಳ್ಳೆ ಇದರಿಂದ ಹೋಗುವುದಿಲ್ಲ. ‘ಸ’ದ ಜೊತೆ ಸಿಳ್ಳೆಯೂ ಅಷ್ಟೇ ಇಳಿಯುತ್ತದೆ, ಅನುಪಾತ ಹಾಗೇ ಉಳಿಯುತ್ತದೆ. ಅದಕ್ಕೆ ಡೈನಾಮಿಕ್ ಇಕ್ಯೂನಲ್ಲಿ (ಬೇಕಾದಾಗ ಮಾತ್ರ ಕೆಲಸಮಾಡುವ ಇಕ್ಯೂ) ಕಿರಿದಾದ ನಾಚ್, ಅಂದರೆ ಸಣ್ಣ ಕಡಿತ, ಬೇಕು. ಪ್ರಿಆಂಪ್‌ನಲ್ಲೇ ಕ್ಲಿಪ್ ಆಗಿ ಒಡೆದ ಸಕಾರವನ್ನು ಯಾವ ಡಿ-ಎಸ್ಸರೂ ಜೋಡಿಸಲಾರದು. ಮೈಕನ್ನು ಬಾಯಿಯ ನೇರದಿಂದ 20–30 ಡಿಗ್ರಿ ಪಕ್ಕಕ್ಕೆ ತಿರುಗಿಸಿ ಮತ್ತೆ ಹಾಡಿಸುವುದೇ ದಾರಿ.

ಸರಪಳಿಯಲ್ಲಿ ಇದರ ಜಾಗ ಕಂಪ್ರೆಸರಿನ ನಂತರ, ಹೊಳಪಿನ ಇಕ್ಯೂಗೆ ಮೊದಲು. ಮೂಲ ದನಿ ಸರಿಯಾದ ಮೇಲೂ ಹಾಡಿನ ಹಿಂದೆ ‘ಸ್ಸ್ಸ್’ ಎಂದು ಚೆಲ್ಲುತ್ತಿದ್ದರೆ ದನಿಗೆ ಅನುರಣನ ಸೇರಿಸುವ ರಿವರ್ಬನ್ನು ಪರೀಕ್ಷಿಸಿ. ರಿವರ್ಬಿಗೆ ಹೋಗುವ ಸೆಂಡ್‌ನಲ್ಲಿ ಇನ್ನೊಂದು ಪ್ರೊ-ಡಿಎಸ್ ಹಾಕಿ 10–12 ಡಿಬಿ ಇಳಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ, ಬಾಲ ಮಾತ್ರ ಶುಚಿಯಾಗುತ್ತದೆ. 30 ದಿನದ ಟ್ರಯಲ್ ಇರುವುದರಿಂದ ಕೊಳ್ಳುವ ಮೊದಲು ನಿಮ್ಮ ಬಳಿಯಿರುವ ಅತಿ ಒರಟಾದ ಟೇಕ್ ಮೇಲೆ ಈ ಎರಡೂ ಜಾಗದಲ್ಲಿ ಹಾಕಿ ಕೇಳಿ.